ಹದಿಮೂರು ಪಾಯಿಂಟ್ ರಕ್ತ

ನಮ್ಮ ಬೀದಿಯ ಹೆಂಗಸರಿಗೆ ತಮ್ಮ ವಯಸ್ಸು ಸರಿಯಾಗಿ ಗೊತ್ತಿರಲಿಲ್ಲ, ಆದರೆ ರಕ್ತ ಎಷ್ಟು ಪಾಯಿಂಟ್ ಎಂದು ಗೊತ್ತಿತ್ತು. ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟುಕೊಂಡು ಕೂತಾಗ, "ನಂದು ಎಂಟೂವರೆ," "ನಂದು ಏಳಕ್ಕೆ ಇಳಿದೈತೆ ಕಣಕ್ಕ," "ಅವರ ಸೊಸೇದು ಹನ್ನೊಂದಂತೆ, ಅದ್ಕೇ ಅಷ್ಟೊಂದು ಮಾತು" ಎಂದು ಮಾತಾಡಿಕೊಳ್ಳುತ್ತಿದ್ದರು. ಆ ಪಾಯಿಂಟ್ ಹೇಳುತ್ತಿದ್ದವಳು ನಾನು. ದೊಡ್ಡಬಳ್ಳಾಪುರದಲ್ಲಿ ಒಬ್ಬ ಡಾಕ್ಟರು ನಡೆಸುತ್ತಿದ್ದ ಹನ್ನೆರಡು ಮಂಚದ ನರ್ಸಿಂಗ್ ಹೋಮಿನ ಕೆಳಗೆ, ಮೆಟ್ಟಿಲಿನ ಪಕ್ಕದ ಸಣ್ಣ ಕೋಣೆಯಲ್ಲಿ ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುವುದು ನನ್ನ ಕೆಲಸ. ತೊಂಬತ್ತರ ದಶಕ ಶುರುವಾದಾಗ ನನಗೆ ಇಪ್ಪತ್ನಾಲ್ಕು ವರ್ಷ.

ನನಗೆ ಮೂಗಿನ ತುದಿಯಲ್ಲೇ ಕೋಪ. ಬೆರಳು ಚುಚ್ಚುವ ಮೊದಲೇ ಬೈಗುಳ ಶುರುವಾಗುತ್ತಿತ್ತು. "ಆರು ಪಾಯಿಂಟ್ ಇಟ್ಕೊಂಡು ದಿನವೆಲ್ಲಾ ಮಗ್ಗದ ಮುಂದೆ ನಿಲ್ತೀಯಲ್ಲಾ, ಸೊಪ್ಪು ತಿನ್ನಕ್ಕೆ ಏನು ರೋಗ ನಿಂಗೆ?" ಎನ್ನುತ್ತಿದ್ದೆ. ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ಸೂಜಿಗಿಂತ ನಿನ್ನ ಬಾಯೇ ಜಾಸ್ತಿ ಚುಚ್ತದೆ ಬಿಡು" ಎಂದು ನಕ್ಕು, ಸೆರಗಿನ ತುದಿಯಲ್ಲಿ ಬೆರಳು ಒತ್ತಿಕೊಂಡು ಹೋಗುತ್ತಿದ್ದರು. ಮುಂದಿನ ಸಲ ಏಳಾಗಿದ್ದರೆ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ರಕ್ತ ಏರಿತು ಅಂದರೆ ನಮ್ಮೂರಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ. ಇಳಿಯುವುದಕ್ಕೆ ಹೆದರಬೇಕು, ಏರುವುದಕ್ಕೆ ಯಾರಾದರೂ ಹೆದರುತ್ತಾರಾ?

ಆಗ ಈಗಿನ ಹಾಗೆ ಯಂತ್ರ ಇರಲಿಲ್ಲ. ಗೆರೆ ಎಳೆದ ಸಣ್ಣ ಗಾಜಿನ ಕೊಳವೆಯಲ್ಲಿ ಒಂದಿಷ್ಟು ಆ್ಯಸಿಡ್ ಹಾಕಿ, ಅದಕ್ಕೆ ರಕ್ತ ಬಿಟ್ಟು, ಹತ್ತು ನಿಮಿಷ ಕಾಯಬೇಕು. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಪಕ್ಕದಲ್ಲೇ ಅಳತೆಗೆಂದು ಕೂರಿಸಿದ ಕಂದು ಗಾಜು ಇರುತ್ತದೆ. ಎರಡರ ಬಣ್ಣವೂ ಒಂದಾಗುವವರೆಗೆ ತೊಟ್ಟು ತೊಟ್ಟಾಗಿ ನೀರು ಬಿಡುತ್ತಾ ಹೋಗಬೇಕು. ಎಲ್ಲಿ ಒಂದಾಯಿತೋ ಆ ಗೆರೆಯೇ ರಕ್ತದ ಪಾಯಿಂಟ್, ಅಂದರೆ ಹಿಮೋಗ್ಲೋಬಿನ್. ಎಲ್ಲವೂ ಕಣ್ಣಿನ ಅಂದಾಜು. ನಮ್ಮಪ್ಪ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದವರು, ನಾನು ಬಣ್ಣದ ಹಂಡೆಯ ಪಕ್ಕದಲ್ಲೇ ಬೆಳೆದವಳು. ಒಂದು ತೊಟ್ಟು ಹೆಚ್ಚುಕಮ್ಮಿಯಾದರೂ ನನ್ನ ಕಣ್ಣಿಗೆ ಗೊತ್ತಾಗುತ್ತಿತ್ತು. ಆ ಕಣ್ಣಿನ ಮೇಲೆ ನನಗೆ ಬಹಳ ಜಂಬವಿತ್ತು.

ನನ್ನನ್ನು ಆ ಕೆಲಸಕ್ಕೆ ಓದಿಸಿದವಳು ಅಕ್ಕ. ಅಪ್ಪ ಹೋದ ಮೇಲೆ ಅವಳು ಬೇರೆಯವರ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಿ, ಅದನ್ನು ಮಗ್ಗದ ಲಾಳಿಗೆ ತುಂಬಿ, ನನ್ನನ್ನು ಬೆಂಗಳೂರಿಗೆ ಕಳಿಸಿದಳು. ಮದುವೆಯಾಗಿ ಎರಡು ಬೀದಿ ಆಚೆ ಹೋದಳು. ಭಾವನಿಗೆ ನಾಲ್ಕು ಮಗ್ಗ ಇದ್ದವು. ಎರಡು ಸಲ ಬಸಿರಾಗಿ ಎರಡೂ ಉಳಿಯಲಿಲ್ಲ. ರಕ್ತ ಕಡಿಮೆ ಇದೆ, ಮೊದಲು ಅದನ್ನು ಸರಿ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಅಕ್ಕನ ರಕ್ತ ನನ್ನ ಹಟವಾಯಿತು. ಮೂರು ತಿಂಗಳಿಗೊಮ್ಮೆ ಎಳೆದುಕೊಂಡು ಬಂದು ಚುಚ್ಚುತ್ತಿದ್ದೆ. ಒಂಬತ್ತು. ಮತ್ತೆ ಒಂಬತ್ತು. ಒಂದು ಸಲ ಒಂಬತ್ತಕ್ಕೆ ಸ್ವಲ್ಪ ಕಮ್ಮಿ. ಕಬ್ಬಿಣದ ಗುಳಿಗೆ ಕೊಟ್ಟರೆ ಹೊಟ್ಟೆ ಕಟ್ಟುತ್ತದೆ ಎಂದು ಮಗ್ಗದ ಗುಂಡಿಗೆ ಎಸೆಯುತ್ತಿದ್ದಳು. ಅದು ಗೊತ್ತಾದ ದಿನ ನಾನು ಬೀದಿಗೆ ಕೇಳುವ ಹಾಗೆ ಕೂಗಾಡಿದೆ. "ಆಯ್ತು ಮಾರಾಯ್ತಿ, ತಿಂತೀನಿ, ನೀನು ಸುಮ್ನಿರು" ಎಂದಳು. ತಿನ್ನಲಿಲ್ಲ. ಹತ್ತು ದಾಟಿದ ದಿನ ಬೈಯುವುದು ನಿಲ್ಲಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ.

ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಜ್ವರ ಊರಿಗೆ ಬಂತು. ನಮ್ಮಲ್ಲಿ ನಲ್ಲಿ ನೀರು ನಾಲ್ಕೈದು ದಿನಕ್ಕೊಂದು ಸಲ ಬರುತ್ತಿದ್ದರಿಂದ ಎಲ್ಲರ ಮನೆಯಲ್ಲೂ ಡ್ರಮ್ಮು, ಸಿಮೆಂಟಿನ ತೊಟ್ಟಿ. ಸೊಳ್ಳೆಗೆ ಅಷ್ಟೇ ಸಾಕಿತ್ತು. ಕಣ್ಣಿನ ಹಿಂದೆ ನೋವು, ಮೈಯೆಲ್ಲ ಮುರಿದು ಹಾಕಿದ ಹಾಗೆ ನೋವು, ಬೆಂಕಿಯಂಥ ಜ್ವರ. ಡೆಂಗ್ಯೂ ಎಂಬ ಹೆಸರನ್ನು ನಾವು ಅದೇ ಮೊದಲು ಕೇಳಿದ್ದು. ಡಾಕ್ಟರು ನನಗೆ ಪ್ಲೇಟ್‌ಲೆಟ್ ಎಣಿಸಲು ಕಲಿಸಿದರು. ರಕ್ತ ಹೊರಗೆ ಹರಿಯದಂತೆ ತಡೆಯುವ ಕಣಗಳು ಅವು, ಸೂಕ್ಷ್ಮದರ್ಶಕದ ಕೆಳಗೆ ಧೂಳಿನ ಚೂರಿನಂತೆ ಕಾಣುತ್ತವೆ. "ಇದು ಇಳೀತಾ ಹೋದ್ರೆ ಹುಷಾರಾಗಿರ್ಬೇಕು. ತುಂಬ ಇಳಿದವರನ್ನ ಇಲ್ಲಿ ಇಟ್ಕೊಳ್ಳೋ ಹಾಗಿಲ್ಲ, ಬೆಂಗಳೂರಿಗೆ ಕಳಿಸ್ಬೇಕು" ಎಂದರು. ಯಾರು ಉಳಿಯುತ್ತಾರೆ, ಯಾರ ಕಥೆ ಕೈ ಮೀರುತ್ತಿದೆ ಎಂದು ಹೇಳುವುದಕ್ಕೆ ನಮ್ಮ ಹತ್ತಿರ ಇದ್ದದ್ದು ಆ ಎಣಿಕೆಯೊಂದೇ ಎಂದು ನಾನು ತಿಳಿದಿದ್ದೆ. ಬೆಳಗಿನಿಂದ ಸಂಜೆಯವರೆಗೆ ಎಣಿಸಿ ಎಣಿಸಿ ಕಣ್ಣು ಕೆಂಪಾಗುತ್ತಿತ್ತು. ಎಣಿಕೆ ಇಳಿದವರ ಮನೆಯವರು ಅಳುತ್ತಾ ಹೋಗುತ್ತಿದ್ದರು, ಇಳಿಯದವರು ನನಗೆ ಕೈಮುಗಿಯುತ್ತಿದ್ದರು.

ಅಕ್ಕನಿಗೆ ಜ್ವರ ಬಂದದ್ದು ಒಂದು ಸೋಮವಾರ. ಮೊದಲ ದಿನವೇ ಚುಚ್ಚಿ ನೋಡಿದೆ. ರಕ್ತ ಎಂದಿನಂತೆ ಒಂಬತ್ತು, ಪ್ಲೇಟ್‌ಲೆಟ್ ಪರವಾಗಿಲ್ಲ. ಬುಧವಾರ ಎಣಿಕೆ ಅರ್ಧಕ್ಕೆ ಇಳಿದಿತ್ತು, ಮೇಲಿನ ವಾರ್ಡಿಗೆ ಸೇರಿಸಿದೆವು. ಗುರುವಾರ ಮತ್ತೂ ಇಳಿದು ನಲವತ್ತು ಸಾವಿರ. ಅಮ್ಮ ಮಂಚದ ಕಾಲು ಹಿಡಿದು ಕೂತವಳು ಏಳಲಿಲ್ಲ. ಭಾವ ಒಂದು ಅಂಬಾಸಿಡರ್ ಗೊತ್ತುಮಾಡಿ ಶುಕ್ರವಾರ ಬೆಳಗ್ಗೆಗೆ ಬರಹೇಳಿದರು. ಡಾಕ್ಟರು ಶುಕ್ರವಾರ ದೇವನಹಳ್ಳಿಯ ಯಾವುದೋ ಸಭೆಗೆ ಹೋಗಲೇಬೇಕಿತ್ತು. ಗುರುವಾರ ಸಂಜೆ ಹೊರಡುವ ಮೊದಲು ಭಾವನನ್ನೂ ನನ್ನನ್ನೂ ನಿಲ್ಲಿಸಿಕೊಂಡು, "ಬೆಳಗ್ಗೆ ರಕ್ತ ನೋಡಿ. ಇನ್ನೂ ಇಳಿದಿದ್ರೆ ನನಗೆ ಕಾಯ್ಬೇಡಿ, ಬೆಂಗಳೂರಿಗೆ ಹೊರಟುಬಿಡಿ" ಎಂದರು. ಅವರ ಮಾತು ಅಷ್ಟೇ.

ಶುಕ್ರವಾರ ಬೆಳಗ್ಗೆ ನಾನು ಮೇಲೆ ಹೋದಾಗ ಅಮ್ಮನ ಮುಖ ಅರಳಿತ್ತು. "ಜ್ವರ ಬಿಟ್ಟೈತೆ ಕಣೇ, ಮುಟ್ಟಿ ನೋಡು, ಬೆವರು ಬಿಟ್ಟೈತೆ" ಎಂದಳು. ಮುಟ್ಟಿ ನೋಡಿದೆ. ಹಣೆ ತಣ್ಣಗಿತ್ತು, ಅಂಗೈ ಅದಕ್ಕಿಂತ ತಣ್ಣಗಿತ್ತು. ಐದು ದಿನ ಕಾದ ಹೆಂಚಿನಂತಿದ್ದ ಮೈ ತಣ್ಣಗಾದರೆ ಯಾರಿಗೆ ಸಂತೋಷವಾಗುವುದಿಲ್ಲ? ಅಕ್ಕನಿಗೆ ಮಾತ್ರ ಚೈನಿರಲಿಲ್ಲ. ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳುತ್ತಿದ್ದಳು. ಹೊಟ್ಟೆ ನೋಯುತ್ತದೆ, ಎಷ್ಟು ನೀರು ಕುಡಿದರೂ ದಾಹ ಹೋಗುವುದಿಲ್ಲ ಎಂದಳು. "ಐದು ದಿನದಿಂದ ಏನೂ ತಿಂದಿಲ್ಲ, ನೋಯದೆ ಇನ್ನೇನಾಗುತ್ತೆ" ಎಂದು ಗದರಿದೆ. ಬೆರಳು ಚುಚ್ಚಿದರೆ ರಕ್ತ ಬರಲಿಲ್ಲ. ಹಿಂಡಿ ಹಿಂಡಿ ತೆಗೆಯಬೇಕಾಯಿತು. ಬಂದದ್ದು ಗಟ್ಟಿಯಾಗಿ, ಕಪ್ಪಾಗಿ ಇತ್ತು. ಅದನ್ನೂ ನಾನು ನೋಡಿದೆ. ನೋಡಿ ಕೆಳಗೆ ಹೋದೆ.

ಮೊದಲು ಪ್ಲೇಟ್‌ಲೆಟ್ ಎಣಿಸಿದೆ. ನಲವತ್ತೆರಡು ಸಾವಿರ. ಇಳಿದಿರಲಿಲ್ಲ. ಮನಸ್ಸು ಸ್ವಲ್ಪ ಹಗುರವಾಯಿತು. ಆಮೇಲೆ ಗಾಜಿನ ಕೊಳವೆ ಹಿಡಿದು ನೀರು ಬಿಡಲು ಶುರುಮಾಡಿದೆ. ಒಂಬತ್ತರ ಗೆರೆಗೆ ಬಂದೆ, ಬಣ್ಣ ಇನ್ನೂ ಕಪ್ಪು. ಹತ್ತು ದಾಟಿತು. ಹನ್ನೊಂದು. ಬಣ್ಣ ಇನ್ನೂ ಗಾಜಿಗೆ ಹೊಂದಲಿಲ್ಲ. ಹನ್ನೆರಡು. ಹದಿಮೂರರಲ್ಲಿ ಎರಡೂ ಒಂದಾದವು. ನನ್ನ ಕಣ್ಣನ್ನೇ ನಂಬದೆ, ಉಳಿದಿದ್ದ ರಕ್ತದಲ್ಲಿ ಇನ್ನೊಂದು ಸಲ ಮೊದಲಿನಿಂದ ಮಾಡಿದೆ. ಹದಿಮೂರು. ನನ್ನ ಕಣ್ಣು ಸುಳ್ಳು ಹೇಳಲಿಲ್ಲ, ಆ ದಿನವೂ ಹೇಳಲಿಲ್ಲ. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇಷ್ಟು ವರ್ಷ ಗುಳಿಗೆ, ಸೊಪ್ಪು, ಬೈಗುಳ ಯಾವುದಕ್ಕೂ ಏರದ ರಕ್ತ ಏರಿದೆ ಎಂದು ನನಗೆ ಕಣ್ಣಲ್ಲಿ ನೀರು ಬಂತು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ.

ಭಾವ ವರಾಂಡದಲ್ಲಿ ಕಾಯುತ್ತಿದ್ದರು. ಕೆಳಗೆ ಕಾರು ಬಂದು ನಿಂತಿತ್ತು. "ಇಳಿದಿಲ್ಲ ಭಾವ. ಪ್ಲೇಟ್‌ಲೆಟ್ ಇಳಿದಿಲ್ಲ, ರಕ್ತ ಹದಿಮೂರಕ್ಕೆ ಏರಿದೆ" ಎಂದೆ.

"ಹದಿಮೂರಾ? ಇವಳಿಗಾ?"

"ಎರಡು ಸಲ ನೋಡಿದೆ."

"ಹಂಗಾದ್ರೆ ಬೆಂಗಳೂರು?"

"ಡಾಕ್ಟ್ರು ಹೇಳಿದ್ದು ಇಳಿದಿದ್ರೆ ಹೋಗಿ ಅಂತ ಅಲ್ವಾ. ಜ್ವರಾನೂ ಬಿಟ್ಟಿದೆ. ಈ ಸ್ಥಿತೀಲಿ ಸುಮ್ನೆ ಯಾಕೆ ಕುಲುಕಾಡಿಸ್ಕೊಂಡು ಕರ್ಕೊಂಡು ಹೋಗ್ಬೇಕು, ಸಾರ್ ಮಧ್ಯಾಹ್ನ ಬರ್ತಾರೆ" ಎಂದೆ. ಗಾಡಿ ಬೇಡ ಎಂದು ಬಾಯಿಬಿಟ್ಟು ಹೇಳಿದವಳು ನಾನೇ. ಭಾವ ಕೆಳಗಿಳಿದು ಹೋಗಿ ಡ್ರೈವರನಿಗೆ ಹೇಳಿ ಬಂದರು. ಆ ಕಾರು ಶಿವಗಂಗೆಗೆ ಹೊರಟಿದ್ದ ಯಾರನ್ನೋ ಹತ್ತಿಸಿಕೊಂಡು ಹೋಯಿತು.

ಅಕ್ಕನ ಕಿವಿಯ ಹತ್ತಿರ ಬಗ್ಗಿ ಹೇಳಿದೆ. ತುಟಿ ಒಣಗಿ ಬಿರುಕು ಬಿಟ್ಟಿತ್ತು, ಆದರೂ ನಕ್ಕಳು. "ಇನ್ನು ಬೈಯಲ್ಲ ತಾನೇ ನೀನು" ಎಂದಳು. ಅಮ್ಮ ಗಂಜಿ ತರಲು ಮನೆಗೆ ಓಡಿದಳು. ಹಾದಿಯಲ್ಲಿ ಸಿಕ್ಕಿದವರಿಗೆಲ್ಲ ಹದಿಮೂರು ಎಂದು ಹೇಳಿರಬೇಕು, ಅವಳು ವಾಪಸು ಬರುವ ಹೊತ್ತಿಗೆ ಬೀದಿಯ ನಾಲ್ಕು ಜನ ನೋಡಲು ಬಂದರು. ಡ್ರಿಪ್ಪಿನ ಬಾಟಲಿ ಖಾಲಿಯಾಯಿತು. ಇನ್ನೊಂದು ಹಾಕಲೇ ಎಂದು ನರ್ಸ್ ಕೇಳಿದಳು. ಬಾಯಲ್ಲೇ ಗಂಜಿ ಕುಡಿಯುತ್ತಾಳೆ, ಸಾರ್ ಬರಲಿ ಎಂದೆ. ಇದನ್ನು ಬರೆಯುವಾಗ ನನ್ನ ಕೈ ನನಗೇ ಬೇಡವಾಗುತ್ತದೆ. ಅವಳಿಗೆ ಆಗ ಬೇಕಿದ್ದದ್ದು ಆ ಬಾಟಲಿಯೇ.

ಡಾಕ್ಟರು ಬಂದಾಗ ಎರಡು ಗಂಟೆ. ಬಾಗಿಲಲ್ಲಿ ನಿಂತು ಅಕ್ಕನ ಮುಖ ನೋಡಿದವರೇ ಚೀಲ ಕೆಳಗೆ ಹಾಕಿ ನಾಡಿ ಹಿಡಿದರು. ಮಣಿಕಟ್ಟಿನಲ್ಲಿ ಸಿಗಲಿಲ್ಲ. ಕತ್ತಿನಲ್ಲಿ ಹುಡುಕಿದರು. ಬಿಪಿ ಪಟ್ಟಿ ಸುತ್ತಿ ಎರಡು ಸಲ ಗಾಳಿ ತುಂಬಿಸಿ ಬಿಟ್ಟರು, ಏನೂ ಕೇಳಿಸಲಿಲ್ಲವೋ ಏನೋ, ಮೂರನೆಯ ಸಲ ತುಂಬಿಸಲಿಲ್ಲ. ನಾನು ಬರೆದಿಟ್ಟಿದ್ದ ರಕ್ತದ ಚೀಟಿಯನ್ನು ಎತ್ತಿ ನೋಡಿ, ಮಡಚಿ ಭಾವನ ಜೇಬಿಗೆ ತುರುಕಿದರು. "ಗಾಡಿ ಎಲ್ಲಿ? ಈಗ್ಲೇ ಹೊರಡ್ಬೇಕು" ಎಂದರು. ಗಾಡಿ ಇರಲಿಲ್ಲ. ಭಾವ ಬೀದಿಗೆ ಓಡಿ, ಸೀರೆ ಗಂಟು ತುಂಬಿಕೊಳ್ಳುತ್ತಿದ್ದ ಒಂದು ಮ್ಯಾಟಡೋರ್ ಸಿಕ್ಕಿ, ಗಂಟುಗಳನ್ನು ಇಳಿಸಿ ಅಕ್ಕನನ್ನು ಮಲಗಿಸುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಯಿತು. ನರ್ಸ್ ಬಾಟಲಿ ಎತ್ತಿ ಹಿಡಿದು ಕೂತಳು, ಭಾವ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ನನಗೆ ಜಾಗವಿರಲಿಲ್ಲ. ವ್ಯಾನು ತಿರುವು ದಾಟುವವರೆಗೆ ನೋಡುತ್ತಾ ನಿಂತಿದ್ದೆ.

ಮರುದಿನ ಬೆಳಗ್ಗೆ ಹತ್ತು ಗಂಟೆಗೆ ನರ್ಸಿಂಗ್ ಹೋಮಿಗೆ ಫೋನು ಬಂತು. ಎತ್ತಿದವಳು ನಾನೇ. "ಅಮ್ಮನ್ನ ನೋಡ್ಕೊಳಮ್ಮ, ನಾವು ಬರ್ತಾ ಇದೀವಿ" ಎಂದು ಭಾವ ಫೋನಿಟ್ಟರು. ನನಗೆ ಗೊತ್ತಾಯಿತು.

ಮೂರನೆಯ ದಿನದ ಹಾಲುತುಪ್ಪ ಮುಗಿದ ಮೇಲೆ ಡಾಕ್ಟರು ಹೇಳಿ ಕಳಿಸಿದರು. ಜ್ವರದವರು ಮೆಟ್ಟಿಲ ಮೇಲೆಲ್ಲ ಕೂತಿದ್ದಾರೆ, ರಕ್ತ ನೋಡುವವರು ಇಲ್ಲ ಎಂದು. ಹೋದೆ. ರಿಜಿಸ್ಟರ್ ತೆಗೆದರೆ ಅಕ್ಕನ ಹೆಸರು ಒಂದರ ಕೆಳಗೊಂದು ನನ್ನ ಕೈಬರಹದಲ್ಲೇ ಇತ್ತು. ಸೋಮವಾರ ಒಂಬತ್ತು. ಬುಧವಾರ, ಗುರುವಾರ ಪ್ಲೇಟ್‌ಲೆಟ್ ಮಾತ್ರ ನೋಡಿದ್ದೆ. ಶುಕ್ರವಾರ ಹದಿಮೂರು. ಅದನ್ನೇ ನೋಡುತ್ತಾ ಕೂತಾಗ, ಇಷ್ಟು ದಿನ ತಲೆಗೆ ಬಾರದ ಪ್ರಶ್ನೆ ಬಂತು. ಊಟವಿಲ್ಲದೆ ಮಲಗಿದವಳಿಗೆ ನಾಲ್ಕು ದಿನದಲ್ಲಿ ನಾಲ್ಕು ಪಾಯಿಂಟ್ ರಕ್ತ ಎಲ್ಲಿಂದ ಬರುತ್ತದೆ? ಎಲ್ಲಿಂದಲೂ ಬರುವುದಿಲ್ಲ. ಬಣ್ಣದ ಹಂಡೆಯಲ್ಲಿ ನೀರು ಇಂಗಿದರೆ ಬಣ್ಣ ಗಾಢವಾಗುತ್ತದೆ. ಯಾರೂ ಹೊಸದಾಗಿ ಬಣ್ಣ ಹಾಕಿರುವುದಿಲ್ಲ. ಬಣ್ಣಗಾರನ ಮಗಳಿಗೆ ಇದನ್ನು ಇನ್ನೊಬ್ಬರು ಹೇಳಿಕೊಡಬೇಕಿತ್ತೇ? ಪುಸ್ತಕ ಹಿಡಿದುಕೊಂಡೇ ಡಾಕ್ಟರ ಕೋಣೆಗೆ ಹೋದೆ.

"ಸಾರ್, ಇದು ಏರಿದ್ದು ಯಾಕೆ?" ಎಂದು ಕೇಳಿದೆ.

ಅವರು ಎರಡೂ ಅಂಕಿಗಳ ಮೇಲೆ ಬೆರಳಿಟ್ಟು ನೋಡಿದರು. ಕನ್ನಡಕ ತೆಗೆದರು. "ರಕ್ತನಾಳದಿಂದ ನೀರು ಆಚೆ ಸೋರಿಹೋಗುತ್ತೆ ಈ ಜ್ವರದಲ್ಲಿ. ಜ್ವರ ಬಿಡೋ ಹೊತ್ತಲ್ಲೇ ಸೋರುತ್ತೆ. ಉಳಿದ ರಕ್ತ ಗಟ್ಟಿಯಾಗುತ್ತೆ, ನಾಡಿ ಬಿದ್ದುಹೋಗುತ್ತೆ. ನಾವು ಹೆದರಬೇಕಾದ್ದು ಪ್ಲೇಟ್‌ಲೆಟ್‌ಗಿಂತ ಇದಕ್ಕೆ" ಎಂದರು. ಪುಸ್ತಕ ಮುಚ್ಚಿ, "ಚೀಟೀಲಿ ಹದಿಮೂರು ನೋಡ್ದೆ ಕಣಮ್ಮ. ಬೇರೆಯವರಿಗೆ ಹದಿಮೂರು ನಾರ್ಮಲ್. ಅವಳಿಗೆ ಮೊದ್ಲು ಒಂಬತ್ತು ಅಂತ ನನಗೆ ನೆನಪಾಗ್ಲಿಲ್ಲ. ಇಳಿದ್ರೆ ಹೋಗಿ ಅಂದೆ, ಏರಿದ್ರೂ ಹೋಗಿ ಅಂತ ನಾನು ಹೇಳ್ಬೇಕಿತ್ತು" ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಅವರಿಗೆ ನೆನಪಿರಲಿಲ್ಲ, ನನಗೆ ನೆನಪಿತ್ತು. ಅಕ್ಕನ ಒಂಬತ್ತು ಈ ಲೋಕದಲ್ಲಿ ಯಾರಿಗಾದರೂ ಬಾಯಿಪಾಠವಾಗಿತ್ತು ಅಂದರೆ ಅದು ನನಗೆ.

ಅಂದಿನಿಂದ ಪ್ರತಿ ಚೀಟಿಯಲ್ಲೂ ಮೊದಲ ದಿನದ ಅಂಕಿ, ಈ ದಿನದ ಅಂಕಿ ಎರಡನ್ನೂ ಬರೆದು, ಏರಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ. ಆ ಸುತ್ತು ನೋಡಿದ ತಕ್ಷಣ ಡಾಕ್ಟರು ಡ್ರಿಪ್ ಜೋರು ಮಾಡಿ ಬೆಂಗಳೂರಿಗೆ ಕಳಿಸುತ್ತಿದ್ದರು. ಹಾಗೆ ಹೋದವರಲ್ಲಿ ಕೆಲವರು ನಡೆದುಕೊಂಡು ವಾಪಸು ಬಂದು, ನಿಮ್ಮ ಕೈಗುಣ ಒಳ್ಳೆಯದು ಎಂದು ಬಾಳೆಹಣ್ಣು ಕೊಟ್ಟು ಹೋದರು. ಅವರು ಬದುಕಿದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯುತ್ತಿತ್ತು. ಇವರಿಗೆಲ್ಲ ಸಿಕ್ಕಿದ ಒಂದು ಕೆಂಪು ಸುತ್ತು ಅವಳಿಗೆ ಸಿಗಲಿಲ್ಲವಲ್ಲ ಎನ್ನುವುದೇ ನನ್ನ ತಲೆಯಲ್ಲಿ. ಬೈಯುವುದನ್ನೂ ಬಿಟ್ಟೆ. ಹೆಂಗಸರು, "ಯಾಕಮ್ಮಾ ಸಪ್ಪಗಾಗ್ಬಿಟ್ಟೆ, ಎರಡು ಮಾತು ಬೈಯಿ" ಎನ್ನುತ್ತಿದ್ದರು. ನಾನು ಮುಂದಿನವರ ಬೆರಳು ಹಿಡಿಯುತ್ತಿದ್ದೆ.

ಅಮ್ಮನಿಗೆ ಹೇಳಲಿಲ್ಲ, ಭಾವನಿಗೆ ಹೇಳಲಿಲ್ಲ. ಭಾವ ಮಾತ್ರ ತಿಥಿಗೆ ಬಂದವರಿಗೆ, ಸಂತೆಯಲ್ಲಿ ಸಿಕ್ಕಿದವರಿಗೆ, ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು. "ನಮ್ಮ ಕಡೆಯಿಂದ ಏನೂ ಕಮ್ಮಿ ಮಾಡ್ಲಿಲ್ಲ. ರಕ್ತ ಹದಿಮೂರು ಇತ್ತು, ಅವಳ ತಂಗೀನೇ ನೋಡಿದ್ದು. ಹಣೆಬರಹ ಅಷ್ಟೇ." ನಾನು ಅಲ್ಲೇ ಇದ್ದರೆ ನನ್ನ ಕಡೆ ನೋಡಿ ಹೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಭೂಮಿ ಬಾಯಿ ಬಿಡಬಾರದೇ ಎನಿಸುತ್ತಿತ್ತು. ಕ್ರಮೇಣ ಅವರ ಮನೆಗೆ ಹೋಗುವುದನ್ನೇ ನಿಲ್ಲಿಸಿದೆ.

ನಾಲ್ಕೈದು ವರ್ಷ ಕಳೆಯಿತು. ಭಾವ ಮಗ್ಗಗಳನ್ನು ಮಾರಿ, ಸೋಂಪುರದ ಕಡೆ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿ, ಅರಿಶಿನಕುಂಟೆಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದರು. ಮತ್ತೆ ಮದುವೆಯಾಗಲಿಲ್ಲ. ಆ ಸುಳ್ಳು ಹೊತ್ತುಕೊಂಡು ನನಗೂ ಸಾಕಾಗಿತ್ತು. ಉಗಿದರೆ ಉಗಿಯಲಿ, ಹೊಡೆದರೆ ಹೊಡೆಯಲಿ, ಹೇಳಿಬಿಡಬೇಕು ಎಂದು ಒಂದು ಭಾನುವಾರ ಬಸ್ಸು ಹತ್ತಿದೆ.

ಭಾವ ಸ್ಟೌವಿನ ಮೇಲೆ ಕಾಫಿಗೆ ಇಟ್ಟಿದ್ದರು. ಕೂರುವುದಕ್ಕೂ ಮೊದಲೇ ಹೇಳಿದೆ. "ಭಾವ, ಆವತ್ತು ಅಕ್ಕನ ರಕ್ತ ಏರಿದ್ದು ಒಳ್ಳೇದಕ್ಕಲ್ಲ. ಅದು ಸಾಯೋ ಲಕ್ಷಣ. ನನಗೆ ಗೊತ್ತಾಗ್ಲಿಲ್ಲ. ಗಾಡಿ ವಾಪಸ್ ಕಳಿಸಿದ್ದು ನಾನು."

ಅವರು ತಿರುಗಲಿಲ್ಲ. ಹಾಲು ಉಕ್ಕದ ಹಾಗೆ ಉರಿ ಸಣ್ಣ ಮಾಡಿದರು. "ಗೊತ್ತಮ್ಮ ನಂಗೆ" ಎಂದರು.

"ಯಾರು ಹೇಳಿದ್ರು?"

"ಬೆಂಗಳೂರಲ್ಲಿ ಚೀಟಿ ನೋಡಿದ ಡಾಕ್ಟ್ರು, ಮೊದ್ಲು ಎಷ್ಟಿತ್ತು ಅಂದ್ರು. ಯಾವಾಗ್ಲೂ ಒಂಬತ್ತು ಸಾರ್ ಅಂದೆ. ಅವರಿಗೆ ಸಿಟ್ಟು ಬಂದ್ಬಿಡ್ತು. ಒಂಬತ್ತಿದ್ದೋಳಿಗೆ ಹದಿಮೂರು ಆಗಿದ್ರೆ ಬೆಳಗ್ಗೇನೇ ಓಡಿ ಬರ್ಬೇಕಿತ್ತು, ಆಗ ಬಂದಿದ್ರೆ ಉಳಿಸ್ತಿದ್ವಿ, ಈ ರಕ್ತ ನೋಡ್ದೋರು ಯಾರು ಅಂತ ಕೂಗಾಡಿದ್ರು. ನಿನ್ನ ಹೆಸರು ನಾನು ಹೇಳ್ಲಿಲ್ಲ."

"ಅಕ್ಕ?"

ಭಾವ ಕಾಫಿ ಸೋಸಿ, ಎರಡು ಲೋಟಕ್ಕೆ ಹಾಕಿ, ಒಂದನ್ನು ನನ್ನ ಮುಂದೆ ಇಟ್ಟರು. "ಅಲ್ಲೇ ಮಲಗಿದ್ಲು. ಎಚ್ಚರ ಇತ್ತು ಅವಳಿಗೆ. ಎಲ್ಲಾ ಕೇಳಿಸ್ಕೊಂಡ್ಲು. ಅವರು ಆ ಕಡೆ ಹೋದ್ಮೇಲೆ ನನ್ನ ಕೈ ಹಿಡ್ಕೊಂಡು, ತಂಗಿಗೆ ಹೇಳ್ಬೇಡಿ ಅಂದ್ಲು. ಯಾರು ಕೇಳಿದ್ರೂ ರಕ್ತ ಚೆನ್ನಾಗಿತ್ತು ಅಂತಾನೇ ಹೇಳಿ, ಅವಳ ಎದುರಿಗೂ ಹಂಗೇ ಹೇಳಿ ಅಂದ್ಲು. ಆಮೇಲೆ ಮಾತಾಡ್ಲಿಲ್ಲ."

ಕಾಫಿ ಆರುತ್ತದೆ, ಕುಡಿ ಎಂದರು. ಕುಡಿದೆ. ಅಷ್ಟು ವರ್ಷ ನನ್ನ ಹತ್ತಿರ ಒಂದೇ ಒಂದು ಸಮಾಧಾನ ಉಳಿದಿತ್ತು. ನಾನು ಮಾಡಿದ್ದೇನೋ ಮಾಡಿದೆ, ಅಕ್ಕ ಮಾತ್ರ ತನಗೆ ವಾಸಿಯಾಗುತ್ತಿದೆ ಎಂದು ನಂಬಿಕೊಂಡೇ ಹೋದಳು, ನಾನು ಹೇಳಿದ ಹದಿಮೂರನ್ನು ನಂಬಿಕೊಂಡೇ ಕಣ್ಣು ಮುಚ್ಚಿದಳು ಎನ್ನುವುದು. ಅದೂ ಸುಳ್ಳು. ಆ ಮಂಚದ ಮೇಲೆ ಅವಳಿಗೆ ತಾನು ಸಾಯುತ್ತಿದ್ದೇನೆ ಎಂದು ಗೊತ್ತಿತ್ತು, ನನ್ನಿಂದ ಸಾಯುತ್ತಿದ್ದೇನೆ ಎಂದೂ ಗೊತ್ತಿತ್ತು.